ಅವ್ವನ ಟೊಂಕದಾಗ ಪಿಂಗಾಣಿ ಗುಂಡು

ನಮ್ಮ ಮೂಡಲಗಿ ಮನೆಯಲ್ಲಿ ಪಿಂಗಾಣಿ ಅಂದರೆ ಬೀಗರು ಬಂದಾಗ ಮಾತ್ರ ಹೊರಬರುವ ಕಪ್ಪು-ಬಸಿ. ಹಿಂಗಾಗಿ ಬೆಳಗಾವಿಯ ಡಾಕ್ಟರು "ಈ ಸಲ ಸಿರಾಮಿಕ್ ಗುಂಡು ಹಾಕೋಣ" ಅಂದಾಗ ಅವ್ವ ಕೇಳಿದ್ದು ಒಂದೇ: "ಅಲ್ರೀ ಸಾಹೇಬ್ರ, ನಾ ಎಲ್ಲೆರ ಜಾರಿ ಬಿದ್ರ ಒಳಗ ಚೂರ್ ಚೂರ್ ಆಗಂಗಿಲ್ಲೇನ್ರಿ?"

2009ರಲ್ಲೇ ಅವ್ವನ ಎಡಗಡೆ ಟೊಂಕದ ಕೀಲು ಬದಲಿಸಿದ್ದರು. ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು. ಹದಿನಾಲ್ಕು ವರ್ಷ ಕಬ್ಬಿನ ಹೊಲ, ಸಂತಿ, ಮೊಮ್ಮಕ್ಕಳು ಎಲ್ಲ ಅದರ ಮೇಲೇ ನಡೀತು. ಆಮೇಲೆ ತೊಡೆಸಂದಿಯಲ್ಲಿ ನೋವು. ಗೋಕಾಕದಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಗುಂಡು ಬಟ್ಟಲಿನ ನಡುವೆ ಇರದೆ ಮೇಲಕ್ಕೆ ಸರಿದಿತ್ತು. ಪ್ಲಾಸ್ಟಿಕ್ ಸವೆದು ಉದುರಿದ ಪುಡಿಯನ್ನು ನುಂಗಲು ಬರುವ ಜೀವಕೋಶಗಳು ಕೆರಳಿ, ಸುತ್ತಲಿನ ಎಲುಬೇ ಕರಗುತ್ತದಂತೆ. ಬಟ್ಟಲು ಸಡಿಲಾಗಿತ್ತು. ತೊಡೆ ಎಲುಬಿನೊಳಗಿನ ಸ್ಟೆಮ್ ಮಾತ್ರ ಗಟ್ಟಿ.

ಅವ್ವನ ಪ್ರಶ್ನೆ ದಡ್ಡತನದ್ದಲ್ಲ. 1970ರಲ್ಲಿ ಫ್ರಾನ್ಸಿನ ಪಿಯೆರ್ ಬುಟಾಂ ಮೊದಲ ಸಿರಾಮಿಕ್ ಕೀಲು ಹಾಕಿದ ಕಾಲದಲ್ಲಿ ಒಡೆಯುವ ಭಯ ನಿಜವಾಗಿಯೂ ಇತ್ತು. ಈಗಿನದು ಅಲ್ಯುಮಿನಾಕ್ಕೆ ಜಿರ್ಕೋನಿಯಾ ಬೆರೆಸಿದ್ದು. ಬಿರುಕು ಹೊರಟರೆ ಅದರ ದಾರಿಯಲ್ಲಿನ ಜಿರ್ಕೋನಿಯಾ ಕಣ ಉಬ್ಬಿ ಬಿರುಕನ್ನೇ ಅಮುಕಿ ನಿಲ್ಲಿಸುತ್ತದೆ. ಬ್ರಿಟನ್ನಿನ ಕೀಲು ನೋಂದಣಿಯ ಮಾಹಿತಿ ಇಟ್ಟುಕೊಂಡು 2017ರಲ್ಲಿ ಹಾಕಿದ ಲೆಕ್ಕದಲ್ಲಿ, ಇಂಥ ಗುಂಡು ಒಡೆದದ್ದು ಹೆಚ್ಚುಕಮ್ಮಿ ಹತ್ತು ಸಾವಿರಕ್ಕೆ ಒಂದು.

ಆದರೆ ನಮ್ಮದು ಎರಡನೇ ಆಪರೇಷನ್. ಹಳೇ ಸ್ಟೆಮ್ ಉಳಿಸಿಕೊಂಡರೆ, ಹಳೇ ಗುಂಡು ಕಿತ್ತಾಗ ಅದರ ತುದಿಗೆ ಗೀರು ಬಿದ್ದಿರುತ್ತದೆ. ಅಲ್ಲಿ ಸಿರಾಮಿಕ್ಕನ್ನು ನೇರವಾಗಿ ಕೂರಿಸಿದರೆ ಭಾರವೆಲ್ಲ ಒಂದೇ ಕಡೆ ಬಿದ್ದು ಸಿಡಿಯಬಹುದು. ಹಾಗಾಗಿ ನಡುವೆ ತೆಳು ಟೈಟಾನಿಯಂ ಕೊಳವೆ ಇರುವ ಗುಂಡೇ ಬೇಕು. ಅದಕ್ಕೂ ಹಳೇ ಸ್ಟೆಮ್ ಯಾವ ಕಂಪನಿಯದು, ತುದಿಯ ಅಳತೆ ಎಷ್ಟು ಅಂತ ಗೊತ್ತಿರಬೇಕು. "ಹಳೇ ಫೈಲ್ ಎಲ್ಲದ?" ಅಂದರು ಡಾಕ್ಟರು.

ಫೈಲ್ ಹುಕ್ಕೇರಿಯಲ್ಲಿತ್ತು. ಮೊದಲ ಆಪರೇಷನ್ ಆದಮೇಲೆ ಅವ್ವ ಮೂರು ತಿಂಗಳು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಟ್ರಂಕಿನ ತಳದಿಂದ ಡಿಸ್ಚಾರ್ಜ್ ಕಾರ್ಡ್ ತೆಗೆದು, ಅದಕ್ಕೆ ಅಂಟಿಸಿದ್ದ ನಾಲ್ಕು ಪುಟ್ಟ ಸ್ಟಿಕ್ಕರಿನ ಫೋಟೊ ವಾಟ್ಸಾಪ್ ಮಾಡಿದಳು. ಅಷ್ಟೇ ಸಾಕಾಯಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಮೊಳಕಾಲೋ ಟೊಂಕವೋ ಬದಲಾಗಿದ್ದರೆ, ಆ ಸ್ಟಿಕ್ಕರಿನ ಫೋಟೊ ಇವತ್ತೇ ತೆಗೆದಿಟ್ಟುಕೊಳ್ಳಿ.

ಅಣ್ಣನ ತಕರಾರು ಬೇರೆ. "ಎಪ್ಪತ್ತು ದಾಟಿದಾಕಿಗೆ ಇಷ್ಟ್ ತುಟ್ಟಿ ಮಾಲ್ ಯಾಕ?" ಅಂದ. ಪಡಸಾಲೆಯಲ್ಲಿದ್ದ ಅವ್ವನಿಗೆ ಕೇಳಿಸಿತು. ಅವನದ್ದೂ ಪೂರ್ತಿ ತಪ್ಪಲ್ಲ. ಒಳ್ಳೇ ಪ್ಲಾಸ್ಟಿಕ್ ಬಟ್ಟಲಿದ್ದರೆ ಈ ವಯಸ್ಸಿಗೆ ಲೋಹದ ಗುಂಡೂ ನಡೆಯುತ್ತದೆ ಅಂತ ಡಾಕ್ಟರೇ ಹೇಳಿದ್ದರು. ಸಿರಾಮಿಕ್ ಹಾಕಿದರೆ ಪ್ಲಾಸ್ಟಿಕ್ ಕಡಿಮೆ ಸವೆಯುತ್ತದೆ, ಸ್ಟೆಮ್ಮಿನ ತುದಿಗೆ ತುಕ್ಕಿನ ಕಾಟವೂ ಕಡಿಮೆ. ಅವ್ವನ ಅವ್ವ ತೊಂಬತ್ತೆರಡಕ್ಕೆ ಹೋದಾಕಿ. ಮೂರನೇ ಆಪರೇಷನ್ನಿನ ಖರ್ಚು ಯಾರ ಲೆಕ್ಕದಲ್ಲಿ ಅಂತ ನಾನು ಕೇಳಿದೆ. ಅಣ್ಣ ಸುಮ್ಮನಾದ, ಒಪ್ಪಲಿಲ್ಲ. ಹೆಚ್ಚಿನ ದುಡ್ಡು ನಾನೂ ಅಕ್ಕನೂ ಹಂಚಿಕೊಂಡೆವು.

ಸ್ಟೆಮ್ಮಿನ ತುದಿ ಚೆನ್ನಾಗೇ ಇತ್ತಂತೆ. ಗುಂಡು ಗುಲಾಬಿ ಬಣ್ಣದ್ದು, ಕ್ರೋಮಿಯಂ ಬೆರೆತದ್ದಕ್ಕೆ ಹಾಗೆ. ಅವ್ವನಿಗೆ ಹೇಳಿದೆ. "ಛೊಲೋ ಆತು, ಕಾಣಂಗಿಲ್ಲಲ್ಲ" ಅಂದಳು.

ಈಗ ವಾಕರ್ ಹಿಡಿದು ಅಂಗಳದ ತನಕ ಬರುತ್ತಾಳೆ. ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಅದಕ್ಕೆ ಅಣ್ಣ ಗೋಕಾಕದಿಂದ ಕಮೋಡ್ ಕುರ್ಚಿ ತಂದ, ಜೊತೆಗೆ ಅರ್ಧ ಕೆಜಿ ಕರದಂಟು. ಅವ್ವ ಕರದಂಟು ಇಸಕೊಂಡಳು. ಕುರ್ಚಿ ನೋಡಿ, "ಇದೂ ತುಟ್ಟಿ ಮಾಲೇನೋ?" ಅಂದಳು.