ಹಳೆಯ ಕಾರಿನ ವಿನಿಮಯವೂ ನಾಲ್ಕು ಊರುಗಳ ಸಂಚಾರವೂ

ಬಹುಕಾಲ ಮನೆಯಲ್ಲಿ ದುಡಿದ ಎತ್ತನ್ನು ಜಾತ್ರೆಗೆ ಹೊಡೆದುಕೊಂಡು ಹೋಗುವ ದಿನ ರೈತನ ಮನಸ್ಸು ಹೇಗಿರುವುದೋ, ಹಳೆಯ ಕಾರನ್ನು ಕೊಟ್ಟು ಹೊಸದನ್ನು ತರಬೇಕೆಂದು ನಿಶ್ಚಯಿಸಿದ ಗೃಹಸ್ಥನ ಮನಸ್ಸೂ ಹೆಚ್ಚುಕಡಿಮೆ ಹಾಗೆಯೇ ಇರುವುದು. ಒಂದು ಕಡೆ ಮಮತೆ, ಮತ್ತೊಂದು ಕಡೆ ಲೆಕ್ಕಾಚಾರ. ಈ ಎರಡರ ನಡುವೆ ಸಿಕ್ಕಿದವನು ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ಕೇಳುವನು: "ಹಳೆಯದಕ್ಕೆ ಎಷ್ಟು ಕೊಡುವಿರಿ?" ಈ ಪ್ರಶ್ನೆಯು ಅವಶ್ಯವಾದುದೇ ಆದರೂ ಇದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದುಂಟು. ಅದು ಯಾವುದೆಂಬುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಮ್ಮ ಸೀಮೆಯ ನಾಲ್ಕು ಊರುಗಳನ್ನು ಸುತ್ತಿಬರುವಾಗ ನಮಗೆ ಸ್ಪಷ್ಟವಾಯಿತು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮದು ಮಾರುತಿ 800. ಈ ಸಣ್ಣ ಬಂಡಿಯು ಭಾರತದ ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. 796 ಸಿ.ಸಿ.ಯ ಮೂರು ಸಿಲಿಂಡರಿನ ಈ ಯಂತ್ರವು ಮಧ್ಯಮವರ್ಗದ ಸಂಸಾರಗಳನ್ನು ಸ್ಕೂಟರಿನಿಂದ ಕಾರಿಗೆ ಏರಿಸಿತು. 2010ರ ಏಪ್ರಿಲಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಬೆಂಗಳೂರೇ ಮೊದಲಾದ ದೊಡ್ಡ ನಗರಗಳಲ್ಲಿ ಅದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ನಾವು ಅದನ್ನು ಕೊಂಡದ್ದು 2006ರಲ್ಲಿ. ಕೋಲಾರದ ಕೆಎ 07 ಎಂಬ ಸಂಖ್ಯೆಯನ್ನು ಹೊತ್ತು ಬಂದಿತು. ಖಾಸಗಿ ಕಾರಿನ ನೋಂದಣಿಯ ಆಯುಸ್ಸು ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. 2021ರಲ್ಲಿ ಒಮ್ಮೆ ನವೀಕರಿಸಿದ್ದಾಯಿತು. ಎರಡನೆಯ ನವೀಕರಣದ ಕಾಲ 2026ಕ್ಕೆ ಬರತಕ್ಕದ್ದು. ಅಷ್ಟರಲ್ಲಿ, 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಇಂಥ ಬಂಡಿಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರವು 10,000 ರೂಪಾಯಿಗೆ ಏರಿಸಿತು. ಉಪಾಧ್ಯಾಯ ವೃತ್ತಿಯಿಂದ ಆಗತಾನೆ ನಿವೃತ್ತರಾಗಿದ್ದ ನಾವು, ಬಂಡಿಗೂ ನಿವೃತ್ತಿ ಕೊಡುವುದೇ ಯುಕ್ತವೆಂದು ತೀರ್ಮಾನಿಸಿದೆವು.

ಆದರೆ ಕೊಡುವುದಕ್ಕೆ ಮುಂಚೆ ಅದರಲ್ಲಿಯೇ ನಮ್ಮ ಸೀಮೆಯನ್ನು ಇನ್ನೊಮ್ಮೆ ಸುತ್ತಬೇಕೆಂಬುದು ನಮ್ಮ ಮನೆಯಾಕೆಯ ಆಸೆ. ಊರೂರಿನಲ್ಲಿ ಬೆಲೆ ವಿಚಾರಿಸಬೇಕೆಂಬುದು ನಮ್ಮ ಆಸೆ. ಹೀಗೆ ಎರಡು ಪ್ರಯೋಜನಗಳನ್ನು ಕಟ್ಟಿಕೊಂಡು 2025ರ ಕಾರ್ತಿಕ ಮಾಸದಲ್ಲಿ ಎರಡು ದಿನದ ಸಂಚಾರ ಹೊರಟೆವು.

ಕೋಲಾರದಲ್ಲಿ ಮೊದಲು ಕೋಲಾರಮ್ಮನ ದರ್ಶನ. ಚೋಳರ ಕಾಲದ ಶಾಸನಗಳನ್ನು ಮೈಮೇಲೆ ಹೊತ್ತಿರುವ ಆ ಗುಡಿಯ ಗೋಡೆಗಳನ್ನು ಕಂಡಾಗಲೆಲ್ಲ ನಮಗೆ ಒಂದು ವಿಚಾರ ಹೊಳೆಯುವುದು: ಯಾರು, ಯಾರಿಗೆ, ಏನನ್ನು ಕೊಟ್ಟರೆಂಬುದನ್ನು ಕಲ್ಲಿನಲ್ಲಿ ಕೊರೆಯಿಸುವವರೆಗೆ ನಮ್ಮ ಪೂರ್ವಿಕರು ದಾನವನ್ನು ಪೂರ್ಣವಾಯಿತೆಂದು ಭಾವಿಸುತ್ತಿರಲಿಲ್ಲ. ಗುಡಿಯಿಂದ ಹೊರಟು ಹಳೆಯ ಕಾರುಗಳ ಒಂದು ಮಳಿಗೆಗೆ ಹೋದೆವು. ಅಲ್ಲಿಯವನು ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಮಾಡಿ, ಬಾಗಿಲ ಕೆಳಗೆ ಬೆರಳಾಡಿಸಿ, ತುಕ್ಕನ್ನು ಕಂಡು, "ನಲವತ್ತು ಸಾವಿರ ಸಾರ್" ಎಂದನು. ಯಂತ್ರವನ್ನು ಚಾಲೂ ಮಾಡಿ ನೋಡಲೂ ಇಲ್ಲ. ಹಳೆಯ ಬಂಡಿಯ ಬೆಲೆಯು ಅದರ ವಯಸ್ಸು, ತುಕ್ಕು, ಉಳಿದಿರುವ ನೋಂದಣಿಯ ಅವಧಿ ಈ ಮೂರರ ಮೇಲೆ ನಿಂತಿರುವುದೇ ಹೊರತು, ನಾವು ಅದನ್ನು ಎಷ್ಟು ಪ್ರೀತಿಯಿಂದ ತೊಳೆದೆವೆಂಬುದರ ಮೇಲಲ್ಲವೆಂದು ಅಲ್ಲಿ ತಿಳಿಯಿತು.

ಅಲ್ಲಿಂದ ಪಶ್ಚಿಮಾಭಿಮುಖವಾಗಿ ಹೆದ್ದಾರಿಯಲ್ಲಿ ನರಸಾಪುರಕ್ಕೆ ಬಂದು, ದಕ್ಷಿಣಕ್ಕೆ ತಿರುಗಿ ಮಾಲೂರಿನ ದಾರಿ ಹಿಡಿದೆವು. ಒಂದು ಕಾಲದಲ್ಲಿ ರಾಗಿಯ ಹೊಲಗಳಿದ್ದ ನರಸಾಪುರದಲ್ಲಿ ಈಗ ದೊಡ್ಡ ಕಾರ್ಖಾನೆಗಳು ನಿಂತಿರುವುವು; ದ್ವಿಚಕ್ರವಾಹನಗಳೂ ಕೈಫೋನುಗಳೂ ಅಲ್ಲಿ ತಯಾರಾಗುವುವು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ 2018ರಿಂದ ಈ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದರಿಂದ, ನಾವು ಬಂಡಿ ಕೊಂಡ ಕಾಲದಲ್ಲಿ ಬಿರುಕುಬಿಟ್ಟು ಕಾಣುತ್ತಿದ್ದ ಕೆರೆಯಂಗಳಗಳಲ್ಲಿ ಈಗ ಬೆಳ್ಳಕ್ಕಿಗಳು ಕುಳಿತಿರುವುವು. ಆ ನೀರಿನ ಶುದ್ಧಿಯ ವಿಷಯದಲ್ಲಿ ವಾದವಿವಾದಗಳುಂಟು. ಕಣ್ಣಿಗೆ ಮಾತ್ರ ತಂಪು.

ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಸಾಹಿತ್ಯಪ್ರಿಯರಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ತಾಲ್ಲೂಕೆಂದರೆ ಒಡನೆ ಗುರುತು ಸಿಕ್ಕುವುದು. ನಮ್ಮ ಬಂಡಿಯ ವಂಶವು ಆರಂಭವಾದ ಆ 1983ರ ವರ್ಷದ ಜ್ಞಾನಪೀಠ ಪ್ರಶಸ್ತಿಯೇ ಅವರಿಗೆ ಸಂದದ್ದು. ಚಿಕ್ಕತಿರುಪತಿಯ ವೆಂಕಟರಮಣನೂ ಈ ತಾಲ್ಲೂಕಿನವನೇ. ಗೂಡುಗಳ ಬದಿಯ ದಾರಿಗಳಲ್ಲಿ ಇಟ್ಟಿಗೆಯ ಲಾರಿಗಳು ತೋಡಿದ ಹಳ್ಳಗಳನ್ನು ದಾಟುವಾಗ, ಈ ಸೀಮೆಗೆ ಎಂಥ ಕಾರು ಬೇಕೆಂಬ ಚರ್ಚೆ ನಮ್ಮಲ್ಲಿ ಹುಟ್ಟಿತು. ಉದ್ದ ಕಡಮೆಯಾಗಿರಬೇಕು, ನೆಲದಿಂದ ಎತ್ತರವಾಗಿರಬೇಕು, ಮೊಣಕಾಲು ನೋವಿನವರು ಬಗ್ಗದೆ ಹತ್ತಿ ಇಳಿಯುವಂತಿರಬೇಕೆಂದು ಮನೆಯಾಕೆಯ ಪಟ್ಟಿ.

ಹ್ಯಾಚ್‌ಬ್ಯಾಕ್ ಎಂದು ಕರೆಯುವ ಸಣ್ಣ ಕಾರುಗಳ ಜಾತಿಯೇ ಇದಕ್ಕೆ ತಕ್ಕದ್ದು. ಹಿಂದಿನ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವುದು. ಸಾಮಾನಿನ ಜಾಗವು ಕೂರುವ ಜಾಗಕ್ಕೆ ಸೇರಿಕೊಂಡೇ ಇರುವುದು. ನಮ್ಮ ದೇಶದ ಕಾರುಗಳಲ್ಲಿ ನಾಲ್ಕು ಮೀಟರಿನ ಒಳಗಿನವು ಇಷ್ಟು ಹೆಚ್ಚಾದುದಕ್ಕೆ ಕಾರಣ ತೆರಿಗೆ. 2006ರ ಆಯವ್ಯಯದಲ್ಲಿ, ನಾಲ್ಕು ಮೀಟರು ಉದ್ದವನ್ನೂ ಪೆಟ್ರೋಲಿನದಾದರೆ 1200 ಸಿ.ಸಿ.ಯನ್ನೂ ಮೀರದ ಕಾರುಗಳ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿದರು. ಅದೇ ಅಳತೆಯ ಕಾರುಗಳಿಗೆ 2025ರ ಸೆಪ್ಟೆಂಬರು 22ರಿಂದ ಜಿ.ಎಸ್.ಟಿ.ಯನ್ನು ನೂರಕ್ಕೆ 28ರಿಂದ 18ಕ್ಕೆ ಇಳಿಸಿ, ಮೇಲಿನ ಪರಿಹಾರ ಕರವನ್ನೂ ತೆಗೆದುಹಾಕಿದರು. ನಮ್ಮಂಥವರಿಗೆ ಹೊಸ ಕಾರು ಕೈಗೆಟುಕಿದ್ದು ಹೀಗೆ.

ಮಾಲೂರಿನ ಬಳಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯನ್ನೂ ಕಂಡೆವು. ಅದರ ಕರ್ಣಾಟಕದ ಭಾಗದಲ್ಲಿ 2024ರ ಕೊನೆಯಿಂದ ಬಂಡಿಗಳು ಓಡಾಡುತ್ತಿರುವುವು. ಅಂಥ ವೇಗದ ನಡುವೆ ನಮ್ಮ ಹಳೆಯ ಬಂಡಿಯಲ್ಲಿ ಏರ್‌ಬ್ಯಾಗ್ ಎಂಬ ಗಾಳಿಚೀಲವೂ ಇಲ್ಲ, ಚಕ್ರ ಜಾರದಂತೆ ತಡೆಯುವ ಬ್ರೇಕಿನ ಏರ್ಪಾಡೂ ಇಲ್ಲ. ಚಾಲಕನ ಮುಂದಿನ ಗಾಳಿಚೀಲವು ಕಡ್ಡಾಯವಾದದ್ದು 2019ರಲ್ಲಿ, ಪಕ್ಕದ ಆಸನದವರದ್ದು 2022ರಿಂದ. ಹಳೆಯದನ್ನು ಬಿಡುವುದಕ್ಕೆ ಹಣದ ಲೆಕ್ಕಕ್ಕಿಂತ ಈ ಕಾರಣವು ಬಲವಾದುದೆಂದು ನಮಗೆ ತೋರಿತು.

ಮರುದಿನ ಪೂರ್ವದಿಕ್ಕಿಗೆ ಪ್ರಯಾಣ. ಕೋಲಾರದಿಂದ ಮುಳಬಾಗಿಲಿಗೆ ಸುಮಾರು ಮೂವತ್ತು ಕಿಲೋಮೀಟರು. ದಾರಿಯುದ್ದಕ್ಕೂ ಬಂಡೆಗಲ್ಲಿನ ಬೆಟ್ಟಗಳು ಜೊತೆಗೆ ಬರುವುವು. ಮೂಡಲ ಬಾಗಿಲೇ ಮುಳಬಾಗಿಲಾಯಿತೆಂಬುದು ಪ್ರಸಿದ್ಧ. ಶ್ರೀಪಾದರಾಜರ ನರಸಿಂಹತೀರ್ಥವೂ, ಊರೊಳಗಿನ ಆಂಜನೇಯನೂ, 1887ರಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ ಊರೆಂಬ ಕೀರ್ತಿಯೂ, ಹೊಟ್ಟೆಯ ಪಾಡಿಗೆ ಬಂದರೆ ಗರಿಗರಿಯಾದ ಮುಳಬಾಗಿಲು ದೋಸೆಯೂ ಇಲ್ಲಿಯ ಸಂಪತ್ತು. ಹತ್ತಿರದ ಕುರುಡುಮಲೆಯ ಮಹಾಗಣಪತಿಯ ಮುಂದೆ ಹೊಸ ಬಂಡಿಗಳಿಗೆ ಪೂಜೆ ಮಾಡಿಸುವುದು ಈ ಸೀಮೆಯ ವಾಡಿಕೆ.

ಇಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ಗ್ಯಾರೇಜು ಉಂಟು. ಸಂಸ್ಕೃತದ ಶಬ್ದರೂಪಗಳಲ್ಲಿ ಎಂದೂ ತೇರ್ಗಡೆಯಾಗದ ಆ ಹುಡುಗನು ಯಂತ್ರದ ಶಬ್ದವನ್ನು ಮಾತ್ರ ಕಿವಿಯಿಂದಲೇ ವಿಭಾಗಿಸಬಲ್ಲನು. ಅರ್ಧ ನಿಮಿಷ ಕೇಳಿ, "ಮೇಷ್ಟ್ರೇ, ಎಂಜಿನ್ನು ಇನ್ನೂ ಗಟ್ಟಿಯಾಗಿದೆ. ತುಕ್ಕು ಹಿಡಿದಿರೋದು ಮೈಗೆ ಮಾತ್ರ. ನೀವು ಕೊಟ್ಟ ಮೇಲೂ ಇದು ನಾಲ್ಕೈದು ವರ್ಷ ಓಡುತ್ತೆ. ಯಾರ ಹೆಸರಲ್ಲಿ ಓಡುತ್ತೆ ಅನ್ನೋದನ್ನ ಮಾತ್ರ ನೋಡ್ಕೊಳ್ಳಿ" ಎಂದನು. ಆ ಕೊನೆಯ ಮಾತಿನ ಭಾವವು ನಮಗೆ ಆಗ ಪೂರ್ತಿಯಾಗಿ ತಿಳಿಯಲಿಲ್ಲ. ಶ್ರೀನಿವಾಸಪುರವನ್ನು ಮುಟ್ಟಿದಾಗ ತಿಳಿಯಿತು.

ಶ್ರೀನಿವಾಸಪುರವು ಹೆಸರು ಬದಲಿಸಿಕೊಂಡ ಊರು. ಪೂರ್ವದಲ್ಲಿ ಪಾಪನಪಲ್ಲಿ ಎಂದಿದ್ದುದನ್ನು ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿನಿಂದ ಶ್ರೀನಿವಾಸಪುರವೆಂದು ಮಾಡಿದರೆಂದು ಹೇಳುವರು. ಈಗಂತೂ ಇದು ಮಾವಿನ ರಾಜಧಾನಿ. ಸುಗ್ಗಿಯಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿಗಳ ರಾಶಿಯಿಂದ ಮಂಡಿಗಳು ತುಂಬಿಹೋಗುವುವು. ಕಾರ್ತಿಕದಲ್ಲಿ ತೋಟಗಳು ಮೌನವಾಗಿದ್ದವು. ಪ್ರತಿ ವರ್ಷವೂ ಬಂಧುಗಳಿಗೆಂದು ಹಣ್ಣಿನ ಪೆಟ್ಟಿಗೆಗಳನ್ನು ನಮ್ಮ ಬಂಡಿಯ ಹಿಂದಿನ ಆಸನದಲ್ಲಿ ಪೇರಿಸಿಕೊಂಡು ಹೋಗುತ್ತಿದ್ದುದರ ವಾಸನೆ ಇನ್ನೂ ಅದರ ಹಾಸಿನಲ್ಲಿ ಉಳಿದಿದೆಯೆಂದು ಮನೆಯಾಕೆಯು ವಾದಿಸಿದಳು.

ಅಲ್ಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಪರಿಚಿತರೊಬ್ಬರು ಕಾಫಿ ಕುಡಿಸುತ್ತ ತಮ್ಮ ಕಥೆಯನ್ನು ಹೇಳಿದರು. ಕೆಲವು ವರ್ಷಗಳ ಹಿಂದೆ ಅವರು ತಮ್ಮ ಹಳೆಯ ವ್ಯಾನನ್ನು ದಲ್ಲಾಳಿಯೊಬ್ಬನಿಗೆ ಕೊಟ್ಟು, ನಮೂನೆ 29 ಮತ್ತು 30ರ ಖಾಲಿ ಹಾಳೆಗಳಿಗೆ ಸಹಿಮಾಡಿ, ಹಣವೆಣಿಸಿಕೊಂಡು ಮನೆಗೆ ಬಂದರು. ವ್ಯಾನು ಕೈಯಿಂದ ಕೈಗೆ ದಾಟುತ್ತ ಗಡಿಯಾಚೆ ಆಂಧ್ರಕ್ಕೆ ಹೋಯಿತು. ಹೆಸರು ಮಾತ್ರ ಇವರದೇ ಉಳಿಯಿತು. ಅಲ್ಲಿ ಒಂದು ರಾತ್ರಿ ಅದು ದಾರಿಹೋಕನೊಬ್ಬನಿಗೆ ಬಡಿಯಿತು. ಆಗ ಅದಕ್ಕೆ ವಿಮೆಯೂ ಇರಲಿಲ್ಲ. "ವ್ಯಾನು ಮಾರಿದ ದುಡ್ಡು ಯಾವಾಗಲೋ ಖರ್ಚಾಯ್ತು ಸಾರ್, ಸಮನ್ಸು ಮಾತ್ರ ಬರ್ತಾನೇ ಇದೆ" ಎಂದು ಅವರು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ಕಾನೂನು ಈ ವಿಷಯದಲ್ಲಿ ನಿಷ್ಠುರವಾದುದು. ಮೋಟಾರು ವಾಹನಗಳ ಕಾಯಿದೆಯಂತೆ, ರಾಜ್ಯದೊಳಗೇ ಬಂಡಿಯನ್ನು ಮಾರಿದವನು ಹದಿನಾಲ್ಕು ದಿನಗಳೊಳಗೆ ನೋಂದಣಿಯ ಅಧಿಕಾರಿಗೆ ತಿಳಿಸಬೇಕು; ಕೊಂಡವನು ಮೂವತ್ತು ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಲವು ಕೈ ದಾಟಿದ ಕಾರೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತು, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯನು, ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು ಹೇಳಿತು. ನಮ್ಮ ಧರ್ಮಶಾಸ್ತ್ರಕಾರರು ಕೊಡುಗೆಗೆ ಎರಡು ಅಂಗಗಳನ್ನು ಹೇಳಿರುವರು: ಕೊಡುವವನ ಸ್ವತ್ವವು ನಿವೃತ್ತಿಯಾಗಬೇಕು, ತೆಗೆದುಕೊಳ್ಳುವವನ ಸ್ವತ್ವವು ಉಂಟಾಗಬೇಕು. ಒಂದು ಅಂಗವು ಕೊರೆಯಾದರೂ ಕೊಟ್ಟದ್ದು ಕೊಟ್ಟಂತಲ್ಲ. ಕೀಲಿಕೈಯನ್ನು ಕೊಟ್ಟು ಹೆಸರನ್ನು ಉಳಿಸಿಕೊಂಡವನ ಸ್ಥಿತಿ ಇದೇ.

ಆದಕಾರಣ ಕೋಲಾರಕ್ಕೆ ಹಿಂದಿರುಗಿ ಹೊಸ ಕಾರಿನ ಮಾತುಕತೆಗೆ ಕುಳಿತಾಗ ನಮ್ಮ ಪ್ರಶ್ನೆಗಳ ಕ್ರಮವೇ ಬದಲಾಯಿತು. ಮೊದಲು ಹೆಸರು, ಆಮೇಲೆ ಬೆಲೆ. ಹಳೆಯ ವಾಹನಗಳನ್ನು ಕೊಳ್ಳುವ ವ್ಯಾಪಾರಿಗಳಿಗೆ 2023ರ ಏಪ್ರಿಲಿನಿಂದ ಹೊಸ ನಿಯಮಗಳು ಬಂದಿರುವುವು. ಸಾರಿಗೆ ಇಲಾಖೆಯ ಅಧಿಕಾರಪತ್ರವಿರುವ ವ್ಯಾಪಾರಿಗೆ ಬಂಡಿಯನ್ನು ಒಪ್ಪಿಸಿ, ನಮೂನೆ 29ಸಿ ಎಂಬುದರಲ್ಲಿ ಇಲಾಖೆಗೆ ತಿಳಿಸಿದರೆ, ಮುಂದಿನ ಕೊಳ್ಳುವವನು ಸಿಕ್ಕುವವರೆಗೆ ಆ ವ್ಯಾಪಾರಿಯೇ ಒಡೆಯನೆಂದು ಪರಿಗಣಿತನಾಗುವನು. ನಾವು ಅಂಥ ಅಧಿಕಾರಪತ್ರವಿದ್ದ ಕಡೆಯಲ್ಲಿ ಮಾತ್ರ ಮಾತು ಮುಂದುವರಿಸಿದೆವು.

ಬೆಲೆಯ ವಿಷಯದಲ್ಲಿಯೂ ಒಂದು ಸೂಕ್ಷ್ಮವುಂಟು. ಮುಳಬಾಗಿಲು ತಾಲ್ಲೂಕಿನ ಆವಣಿಯ ದನಗಳ ಜಾತ್ರೆಯಲ್ಲಿ ವ್ಯಾಪಾರಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವುದನ್ನು ವಾಚಕರು ನೋಡಿರಬಹುದು. ಕಾರಿನ ಮಳಿಗೆಯಲ್ಲಿ ಟವಲಿಲ್ಲ, ಮರೆಯುಂಟು. ಒಂದು ಕಡೆ ನಮ್ಮ ಹಳೆಯದಕ್ಕೆ 70,000 ಎಂದರು, ಹೊಸದರ ಮೇಲೆ ರಿಯಾಯಿತಿಯಿಲ್ಲವೆಂದರು. ಮತ್ತೊಂದು ಕಡೆ ಹಳೆಯದಕ್ಕೆ 45,000, ಅದೇ ಹೊಸ ಕಾರಿಗೆ 40,000 ರಿಯಾಯಿತಿ. ಎಪ್ಪತ್ತೆಂಬುದು ಕಿವಿಗೆ ಇಂಪು. ಆದರೆ ಕೂಡಿ ನೋಡಿದರೆ ಎರಡನೆಯದರಲ್ಲಿ 15,000 ಲಾಭ. ನೋಂದಣಿ, ತೆರಿಗೆ, ವಿಮೆ ಎಲ್ಲವೂ ಸೇರಿ ಕೈಯಿಂದ ತೆರಬೇಕಾದ ವ್ಯತ್ಯಾಸವೆಷ್ಟೆಂಬುದನ್ನು ಒಂದೇ ಹಾಳೆಯಲ್ಲಿ ಬರೆಸಿಕೊಂಡು ಹೋಲಿಸತಕ್ಕದ್ದು.

ಹೀಗೆ ನೋಡಿ ನಾವು ತಂದದ್ದು ವ್ಯಾಗನ್-ಆರ್ ಎಂಬ ಹ್ಯಾಚ್‌ಬ್ಯಾಕ್. ಉದ್ದ 3,655 ಮಿಲಿಮೀಟರು; ಸಾಮಾನಿನ ಜಾಗ 341 ಲೀಟರು. ಮಾವಿನ ಪೆಟ್ಟಿಗೆಗಳು ಇನ್ನು ಮುಂದೆ ಆಸನವನ್ನು ಏರಬೇಕಾಗಿಲ್ಲ, ಮನೆಯಾಕೆಯೂ ಬಗ್ಗಬೇಕಾಗಿಲ್ಲ.

ವಿನಿಮಯಕ್ಕೆ ಹೊರಡುವ ಗೃಹಸ್ಥರು ಇನ್ನು ಕೆಲವನ್ನು ಗಮನಿಸಬೇಕು. ಬಂಡಿಯ ಮೇಲೆ ಸಾಲವಿದ್ದರೆ ಮೊದಲು ತೀರಿಸಿ ದಾಖಲೆಯಿಂದ ತೆಗೆಸಬೇಕು. ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಮುಚ್ಚಿಸಬೇಕು. ಇಲ್ಲವಾದರೆ ಅನ್ಯರ ಪ್ರಯಾಣದ ಸುಂಕವು ನಮ್ಮ ಖಾತೆಯಿಂದ ಹೋಗುವುದು. ಸ್ವಂತ ಹಾನಿಯ ವಿಮೆಯಲ್ಲಿ ಪರಿಹಾರ ಕೇಳದೆ ಗಳಿಸಿದ ರಿಯಾಯಿತಿ, ಐದು ವರ್ಷಗಳ ಮೇಲೆ ನೂರಕ್ಕೆ 50ರವರೆಗೂ ಇರಬಹುದಾದದ್ದು, ಮಾಲೀಕನದೇ ಹೊರತು ಬಂಡಿಯದಲ್ಲ. ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿಗೆ ಒಯ್ಯಬಹುದು. ಖಾಲಿ ನಮೂನೆಗೆ ಸಹಿಯನ್ನು ಎಂದಿಗೂ ಹಾಕಲಾಗದು. ಬಂಡಿಯನ್ನು ಒಪ್ಪಿಸಿದ ದಿನ, ಗಂಟೆ, ಓಡಿದ ಕಿಲೋಮೀಟರು ಇವನ್ನು ಬರೆದ ರಸೀತಿಯನ್ನು ಇಟ್ಟುಕೊಳ್ಳತಕ್ಕದ್ದು.

ಇಷ್ಟೆಲ್ಲ ಮಾಡಿ, ಒಂದು ತಿಂಗಳ ಮೇಲೆ ಸಾರಿಗೆ ಇಲಾಖೆಯ ದಾಖಲೆಯಲ್ಲಿ ಹಳೆಯ ಸಂಖ್ಯೆಯನ್ನು ಹುಡುಕಿಸಿ ನೋಡಿದೆವು. ಒಡೆಯನ ಜಾಗದಲ್ಲಿ ನಮ್ಮ ಹೆಸರಿರಲಿಲ್ಲ. ವಾಚಕರೂ ತಮ್ಮ ಹಳೆಯ ಬಂಡಿಯ ವಿಷಯದಲ್ಲಿ ಅದನ್ನು ಕಣ್ಣಾರೆ ಕಾಣುವವರೆಗೆ ವ್ಯವಹಾರವು ಮುಗಿಯಿತೆಂದು ಭಾವಿಸದಿರಲಿ.