ನಮ್ಮೂರ ಬೈತಖೋಲ

ಡೊಂಬಿವಲಿಯಲ್ಲಿ ಯಾರಾದರೂ "ತುಮ್ಹಿ ಕುಠಲೇ?" ಅಂತ ಕೇಳಿದರೆ ಈಗಲೂ ಕಾರವಾರ ಅಂತಲೇ ಹೇಳುತ್ತೇನೆ. "ಅಚ್ಛಾ, ಗೋವಾ!" ಅಂತ ಅವರೇ ತೀರ್ಮಾನ ಮಾಡಿಬಿಡುತ್ತಾರೆ. ಅಲ್ಲ ಮಾರಾಯ್ರೆ, ಅಲ್ಲ! 1862ರಿಂದ 1956ರವರೆಗೆ, ಬರೋಬ್ಬರಿ 94 ವರ್ಷ, ನಮ್ಮ ಜಿಲ್ಲೆಗೆ ರಾಜಧಾನಿ ಎಂದರೆ ನಿಮ್ಮ ಈ ಮುಂಬಯಿಯೇ ಆಗಿತ್ತು ಅಂದರೆ ನಂಬುವುದಿಲ್ಲ. ಇದರ ಹಿಂದೆ ಇರುವುದು ಒಂದು ಪುಟ್ಟ ಕೊಲ್ಲಿಯ ಕತೆ. ಅದೇ ಬೈತಖೋಲ.

ಕಾರವಾರ ಪೇಟೆ ದಾಟಿ ದಕ್ಷಿಣಕ್ಕೆ ಬಂದರೆ ಗುಡ್ಡವೊಂದು ಸಮುದ್ರದೊಳಗೆ ಕೈ ಚಾಚಿ ಮಲಗಿದೆ. ನಕಾಶೆಯಲ್ಲಿ ಅದು ‘ಕಾರವಾರ ಹೆಡ್’. ಅದರ ಉತ್ತರದ ಬಗಲಲ್ಲಿ ಬೆಚ್ಚಗೆ ಕೂತಿರುವುದೇ ಬೈತಖೋಲ. ಮಳೆಗಾಲದ ದೊಡ್ಡ ಅಲೆಗಳು ಬರುವುದು ನೈಋತ್ಯದಿಂದ. ಗುಡ್ಡ ಅವಕ್ಕೆ ಎದೆಗೊಡುತ್ತದೆ, ಈ ಕಡೆಯ ನೀರು ಸಾಧುವಾಗಿರುತ್ತದೆ. ಹೊರಗೆ ದೇವಗಡ, ಕೂರ್ಮಗಡ ದ್ವೀಪಗಳ ಕಾವಲು ಬೇರೆ. ಹೆಸರು ಅರಬ್ಬಿ ಮೂಲದ್ದು, ‘ಸುರಕ್ಷಿತ ಕೊಲ್ಲಿ’ ಅಂತ ಅರ್ಥ ಎನ್ನುತ್ತಾರೆ. ಹಾಯಿ ಹಡಗಿನವರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕಿತ್ತು?

ಹಾಗಾಗಿ ಬಂದವರೇ ಬಂದವರು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ಹಾಕಿದರು, ಕಾಳುಮೆಣಸಿಗೆ ಮತ್ತು ತೆಳುಬಟ್ಟೆಗೆ. 1665ರಲ್ಲಿ ಬಸ್ರೂರಿನ ದಾಳಿ ಮುಗಿಸಿ ಶಿವಾಜಿ ಮಹಾರಾಜರು ಈ ದಾರಿಯಲ್ಲಿ ಬಂದಾಗ ಕೋಠಿಯವರೂ 112 ಪೌಂಡ್ ಕಾಣಿಕೆ ತೆತ್ತು ಬಚಾವಾದರು. (ಇದನ್ನು ನಮ್ಮ ಮರಾಠಿ ನೆರೆಹೊರೆಯವರಿಗೆ ಹೇಳಿ ನೋಡಿ, ಮರುದಿನದಿಂದ ನಿಮಗೆ ಕಾರವಾರದವರೆಂದು ಮರ್ಯಾದೆ!)

ನಿಜವಾದ ಗಡಿಬಿಡಿ ಶುರುವಾದದ್ದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಬಂದರು ಬೇಕಾಯಿತು. ಅದಕ್ಕೆಂದೇ ಮದರಾಸಿನ ಕೈಯಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಜಿಲ್ಲಾಕೇಂದ್ರವಾಯಿತು. ಆದರೆ ರೈಲು ಬರಲಿಲ್ಲ. 1888ರ ಹೊತ್ತಿಗೆ ಘಟ್ಟದ ಮೇಲಿನ ಸರಕು ರೈಲು ಹತ್ತಿ ಗೋವೆಯ ಮುರ್ಮಗೋವಾಕ್ಕೆ ಇಳಿಯತೊಡಗಿತು. ಬೈತಖೋಲ ಬಾಯಿ ತೆರೆದು ಕಾಯುತ್ತಲೇ ಉಳಿಯಿತು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯಿಂದ, 1990ರ ದಶಕದಲ್ಲಿ!

ಆದರೂ ನಮ್ಮಂಥವರಿಗೆ ಮುಂಬಯಿಯ ಬಾಗಿಲು ಇಲ್ಲೇ ತೆರೆದದ್ದು. ನಮ್ಮಜ್ಜ ಹೊಟ್ಟೆಪಾಡಿಗಾಗಿ ಹೊರಟದ್ದು ಆಗಬೋಟಿನಲ್ಲಿ. ಬೋಟು ದೂರ ನಿಲ್ಲುತ್ತಿತ್ತಂತೆ, ಹೋಡಿಯಲ್ಲಿ ಕೂತು ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಆಗಬೋಟು ಬಂದ್. "ಕಾಗದ ಬರದ ನಾಲ್ಕು ತಿಂಗಳು ಬದುಕಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ" ಅಂತ ಅಜ್ಜಿ ಹೇಳುತ್ತಿದ್ದಳು.

ಈಗ ಬೈತಖೋಲದ ದಕ್ಷಿಣಕ್ಕೆ ಅರಗಾ ಮುಂತಾದ ಊರುಗಳ ಕಡಲತೀರ ನೌಕಾನೆಲೆಗೆ ಸೇರಿದೆ. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಐಎನ್ಎಸ್ ಕದಂಬ. ದೇಶಕ್ಕೆ ಬೇಕಾದದ್ದೇ, ತಕರಾರಿಲ್ಲ. ಆದರೆ ತೀರ ಬಿಟ್ಟು ಎದ್ದ ಮೀನುಗಾರರಿಗೆ ಕಡಲು ಬೇಲಿಯಾಚೆ ಹೋಯಿತು. ಉತ್ತರಕ್ಕೆ ಉಳಿದದ್ದು ಬೈತಖೋಲ ಮತ್ತು ಟಾಗೋರರ ಹೆಸರಿನ ಬೀಚು. ಬಂದರು ವಿಸ್ತರಣೆ ಅಂತ ಅಲ್ಲಿಗೂ ಕೆಲಸ ಬಂದಾಗ, 2020ರ ಜನವರಿಯಲ್ಲಿ, ಮೀನುಗಾರರು ಹೆಂಗಸರು ಮಕ್ಕಳ ಸಮೇತ ಬೀದಿಗಿಳಿದರು. ವಿಷಯ ಹೈಕೋರ್ಟಿಗೂ ಹೋಯಿತು.

ಊರಿಗೆ ಹೋದಾಗ ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಬಂದರು ಬೇಡ ಅಂತ ಅಲ್ಲ ತಮ್ಮಾ, ಬಂದರು ಮೊದಲಿಂದಲೂ ಇದೆಯಲ್ಲ. ಬಲೆ ಎಳೀಲಿಕ್ಕೆ ಮರಳು ಬೇಕಲ್ಲ?" ಅಂದರು. ರಂಪಣಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯನ್ನು ಹತ್ತಾರು ಜನ ದಂಡೆಯಿಂದ ಎಳೆಯಬೇಕು. ಎಳೆದವರಿಗೆಲ್ಲ ಪಾಲು. ಜೆಟ್ಟಿಯ ಕಾಂಕ್ರೀಟಿನ ಮೇಲೆ ನಿಂತು ಅದನ್ನು ಎಳೆಯಲಿಕ್ಕಾಗುವುದಿಲ್ಲ.

ಮುಂಬಯಿಯಲ್ಲಿ ವರ್ಲಿ, ಮಾಹಿಮ್ ಕೋಳಿವಾಡಾಗಳನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಣ್ಣೆದುರೇ ಕಡಲು ಹಿಂದೆ ಹಿಂದೆ ಸರಿದಿದೆ. ಕಂಪನಿಯವರು ಬಂದರು, ಹೋದರು. ಹತ್ತಿಯವರೂ ಹೋದರು. ನಮ್ಮಜ್ಜನೂ ಹೋದ, ಬೆನ್ನಿಗೆ ನಾವೂ. ಹೋಗದೆ ಉಳಿದವರು ಇವರೊಬ್ಬರೇ. ಲೆಕ್ಕ ಹಾಕುವಾಗ ಇವರನ್ನು ಮೊದಲು ಕೇಳಬೇಕಿತ್ತು ಅಂತ ನನಗನ್ನಿಸುತ್ತದೆ.

ಮತ್ಸ್ಯಗಂಧದಲ್ಲಿ ಊರಿಗೆ ಹೋಗುವವರು ಒಮ್ಮೆ ಕಾರವಾರದಲ್ಲಿ ಇಳಿಯಿರಿ. ಸ್ಟೇಶನ್ ಶಿರವಾಡದಲ್ಲಿದೆ, ಅಲ್ಲಿಂದ ರಿಕ್ಷಾ ಸಿಗುತ್ತದೆ. ಮಳೆ ಕಳೆದ ಮೇಲೆ, ಬಂಗಡೆಯ ಹಂಗಾಮಿನಲ್ಲಿ ಹೋದರೆ ಇನ್ನೂ ಒಳ್ಳೆಯದು. ಬಲೆ ಎಳೆಯುತ್ತಿದ್ದರೆ ನೀವೂ ಹಗ್ಗಕ್ಕೊಂದು ಕೈ ಹಾಕಿ. ಯಾರೂ ಬೇಡ ಅನ್ನುವುದಿಲ್ಲ.