ನಾನು ಒಡೆಯದೆ ಇಟ್ಟ ಲಕೋಟೆಗಳು

ಅಪ್ಪ ತೀರಿಕೊಂಡ ಮೂರನೇ ತಿಂಗಳು ಅವರ ಹೆಸರಿಗೆ ಒಂದು ರಿಜಿಸ್ಟರ್ಡ್ ಲಕೋಟೆ ಬಂತು. ಸಹಿ ಹಾಕಿ ತೆಗೆದುಕೊಂಡೆ, ಒಡೆಯಲಿಲ್ಲ. ಅವರ ಕರಿ ಟ್ರಂಕಿನಲ್ಲಿ ಇಟ್ಟೆ. ಮಿಲಿಟರಿ ನಂಬರು, ಹುದ್ದೆ, ಹೆಸರು ಎಲ್ಲ ಬಿಳಿ ಬಣ್ಣದಲ್ಲಿ ಬರೆದಿದ್ದ ಟ್ರಂಕು ಅದು. ಆಮೇಲೆ ಬಂದ ಇನ್ನೆರಡು ಲಕೋಟೆಗಳೂ ಅದರೊಳಗೇ ಹೋದವು. ಸತ್ತವರ ಹೆಸರಿನ ಕಾಗದ ಒಡೆಯಲು ಕೈ ಬರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅಪ್ಪ ನಡೆಸುತ್ತಿದ್ದ ಪಿಂಚಣಿ ಕೇಸೇ ನನಗೆ ಬೇಸರವಾಗಿತ್ತು.

ಅಪ್ಪ 1974ರಲ್ಲಿ ಬೆಳಗಾವಿಯಲ್ಲಿ ಭರ್ತಿಯಾದವರು. 22 ವರ್ಷದ ನೌಕರಿಯಲ್ಲಿ ಎರಡು ಸಲ ಲಡಾಖಿನ ಎತ್ತರದ ಪೋಸ್ಟುಗಳಲ್ಲಿದ್ದರು. ಎರಡನೇ ಸಲ ಇಳಿದು ಬಂದ ಮೇಲೆ ರಕ್ತದೊತ್ತಡ ಕಾಣಿಸಿಕೊಂಡಿತು. 1996ರಲ್ಲಿ ಹವಾಲ್ದಾರರಾಗಿ ಬಿಡುಗಡೆಯಾಗುವಾಗ ವೈದ್ಯಕೀಯ ಮಂಡಳಿ ಶೇ. 30 ಅಂಗವೈಕಲ್ಯ ಎಂದು ಬರೆಯಿತು. ಅದರ ಕೆಳಗೇ, ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದೂ ಬರೆಯಿತು. ಆ ಒಂದು ಸಾಲಿನಿಂದ ಅಂಗವೈಕಲ್ಯ ಪಿಂಚಣಿ ತಪ್ಪಿತು. ಸೇವಾ ಪಿಂಚಣಿ ಇತ್ತು, ಮನೆ ನಡೆಯುತ್ತಿತ್ತು. ಆದರೆ ಆ ಸಾಲು ಅಪ್ಪನಿಗೆ ಕೊನೆಯವರೆಗೂ ಚುಚ್ಚುತ್ತಿತ್ತು.

‘ರೊಕ್ಕದ ಮಾತಲ್ಲ ತಮ್ಮಾ, ಈ ಜಡ್ಡು ಎಲ್ಲಿಂದ ಬಂತು ಅನ್ನೂದನ್ನ ಅವ್ರು ಬರೀಬೇಕು’ ಅನ್ನುತ್ತಿದ್ದರು.

2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದ ತೀರ್ಪು ಬಂತು. ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆಯ ಸುಳಿವಿಲ್ಲದಿದ್ದರೆ ಆ ಸೈನಿಕ ಆರೋಗ್ಯವಾಗಿದ್ದನೆಂದೇ ತಿಳಿಯಬೇಕು, ಕಾಯಿಲೆ ಸೇವೆಯಿಂದ ಬಂತೆಂದು ಸಾಬೀತು ಮಾಡುವ ಹೊರೆ ಅವನ ಮೇಲಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ರಾಮ್ ಅವತಾರ್ ಪ್ರಕರಣದಲ್ಲಿ, ಶೇ. 50ಕ್ಕಿಂತ ಕಡಿಮೆಯ ಅಂಗವೈಕಲ್ಯವನ್ನು 50 ಎಂದೇ ಲೆಕ್ಕ ಹಿಡಿಯುವ ಸೌಲಭ್ಯ ನಿವೃತ್ತರಾದವರಿಗೂ ಸಿಕ್ಕಿತು. ಅಪ್ಪ ಆ ತೀರ್ಪುಗಳ ಜೆರಾಕ್ಸ್ ಮಾಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. 2015ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಕರ್ನಾಟಕದವರ ಪ್ರಕರಣಗಳು ಅದರ ಕೊಚ್ಚಿ ಪೀಠಕ್ಕೆ ಹೋಗುತ್ತವೆ. ವಕೀಲರೊಂದಿಗೆ ಮಾತು, ಕಾಗದ ಕಳಿಸುವುದು ನನ್ನ ಪಾಲಿಗೆ ಬಂತು.

2019ರ ಚಳಿಗಾಲದ ಒಂದು ನಸುಕಿನಲ್ಲಿ, ಎದೆ ಹಿಡಿದುಕೊಂಡು ಕೂತಲ್ಲೇ ಅಪ್ಪ ಹೋದರು. ಮನುಷ್ಯನೇ ಹೋದ ಮೇಲೆ ಕೇಸೆಲ್ಲಿಂದ ಬಂತು ಎಂದು ದಿನಕರ್ಮಕ್ಕೆ ಬಂದ ಹಿರಿಯರೊಬ್ಬರು ಅಂದರು. ನನಗೂ ಹಾಗೇ ಅನ್ನಿಸಿತು. ವಕೀಲರಿಗೆ ಒಂದು ಫೋನು ಕೂಡ ಮಾಡಲಿಲ್ಲ. ಮರಣ ನೋಂದಾಯಿಸಲು ಹೋದಾಗ ತಲಾಟಿ, ‘ಏನಾಗಿ ತೀರ್ಕೊಂಡ್ರಿ?’ ಎಂದು ಕೇಳಿದರು. ‘ವಯಸ್ಸಾಗಿತ್ರಿ’ ಅಂದೆ. ಅಪ್ಪನಿಗೆ ಅರವತ್ತನಾಲ್ಕು. ಇಪ್ಪತ್ತು ವರ್ಷಕ್ಕೂ ಮೀರಿ ರಕ್ತದೊತ್ತಡದ ಗುಳಿಗೆ ನುಂಗಿದವರು. ಆ ಚೀಟಿಗಳೆಲ್ಲ ಟ್ರಂಕಿನಲ್ಲೇ ಇದ್ದವು. ಅವರನ್ನು ನೋಡುತ್ತಿದ್ದ ವೈದ್ಯರಿಂದ ಮರಣದ ಕಾರಣ ಬರೆಸಿಕೊಳ್ಳಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಎರಡು ವರ್ಷದ ಮೇಲೆ ಅವ್ವನ ಕುಟುಂಬ ಪಿಂಚಣಿಯ ಏನೋ ತಿದ್ದುಪಡಿಗೆಂದು, ಕಾಗದಪತ್ರದಲ್ಲಿ ಪಳಗಿದ ನಿವೃತ್ತ ಸುಬೇದಾರರೊಬ್ಬರನ್ನು ಮನೆಗೆ ಕರೆಸಿದೆ. ಟ್ರಂಕು ತೆಗೆದು ಲಕೋಟೆಗಳನ್ನು ಒಡೆದವರು ಅವರೇ. ಮೊದಲನೆಯದರಲ್ಲಿ ವಿಚಾರಣೆಯ ದಿನಾಂಕವಿತ್ತು. ಎರಡನೆಯದರಲ್ಲಿ ಅರ್ಜಿದಾರರು ಸಂಪರ್ಕಕ್ಕೆ ಸಿಗುತ್ತಿಲ್ಲವೆಂದು ವಕೀಲರು ಬರೆದಿದ್ದರು. ಮೂರನೆಯದು ಪ್ರಕರಣ ಮುಗಿದುಹೋದ ಸುದ್ದಿ.

ಸುಬೇದಾರರು ನನ್ನನ್ನು ಬಯ್ಯಲಿಲ್ಲ, ಬಿಡಿಸಿ ಹೇಳಿದರು. ಅಂಗವೈಕಲ್ಯದ ಹಣ ಮನುಷ್ಯನ ಜೊತೆಗೆ ನಿಲ್ಲುತ್ತದೆ, ಸತ್ತ ದಿನದಿಂದಾಚೆ ಬರುವುದಿಲ್ಲ. ಆದರೆ ಸತ್ತ ದಿನದವರೆಗೆ ಅವನಿಗೆ ಬರಬೇಕಾಗಿದ್ದ ಬಾಕಿ ವಾರಸುದಾರರ ಹಕ್ಕು. ಅದಕ್ಕಾಗಿ ಹೆಂಡತಿಯೋ ಮಕ್ಕಳೋ ಮೃತ ಅರ್ಜಿದಾರನ ಜಾಗಕ್ಕೆ ತಮ್ಮ ಹೆಸರು ಸೇರಿಸಿಕೊಳ್ಳಲು ಗಡುವಿನೊಳಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ಪ್ರಕರಣ ತಾನಾಗಿಯೇ ಬಿದ್ದುಹೋಗುತ್ತದೆ. ಸಿವಿಲ್ ದಾವೆಗಳಲ್ಲಿ ಈ ಗಡುವು 90 ದಿನ. ಸೈನಿಕ ಬದುಕಿಲ್ಲದಿದ್ದರೂ, 1996ರ ಮಂಡಳಿಯ ವರದಿಯನ್ನೇ ಮುಂದಿಟ್ಟುಕೊಂಡು ತೀರ್ಮಾನ ಮಾಡಬಹುದಿತ್ತು.

ಇನ್ನೊಂದು ಮಾತನ್ನು ಅವರು ತಡೆದು ತಡೆದು ಹೇಳಿದರು. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಸಂಬಳದ ಶೇ. 30. ಸೇವೆಯಿಂದ ಬಂದ ಕಾಯಿಲೆಯೇ ಸಾವಿಗೆ ಕಾರಣವೆಂದು ಒಪ್ಪಿತವಾದರೆ ಸಿಗುವ ವಿಶೇಷ ಕುಟುಂಬ ಪಿಂಚಣಿ ಶೇ. 60. ಅಪ್ಪನ ಕೇಸು ಗೆದ್ದಿದ್ದರೆ ಅವ್ವ ಅದನ್ನು ಕೇಳಬಹುದಿತ್ತು. ಆದರೆ ನಮ್ಮ ಕೈಯಲ್ಲಿದ್ದದ್ದು ವಯಸ್ಸಾಗಿ ಸತ್ತರೆಂದು ನಾನೇ ಬರೆಸಿದ ದಾಖಲೆ.

ತಡವಾದದ್ದನ್ನು ಮನ್ನಿಸಿ ಎಂದು ಕೇಳಿ ಅರ್ಜಿ ಹಾಕಿದೆವು. ತಡಕ್ಕೆ ಕಾರಣ ಬೇಕಲ್ಲ. ಮೂರು ಲಕೋಟೆಗೂ ನನ್ನದೇ ಸಹಿ ಇತ್ತು. ಅರ್ಜಿ ನಿಲ್ಲಲಿಲ್ಲ. ಅದನ್ನು ಅವ್ವನಿಗೆ ಹೇಳಿದ ಸಂಜೆ ಆಕೆ ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ, ‘ನಾ ಅದನ ಅಂತ ಒಂದ್ ಮಾತು ಅವ್ರಿಗೆ ಹೇಳಬೇಕಿತ್ತಲ್ಲೋ’ ಅಂದಳು.

ಅಷ್ಟೇ ಇತ್ತು ಕೆಲಸ. ಅಪ್ಪನ ಹೆಸರಿನ ಮುಂದೆ ಮೃತ ಎಂದು ಬರೆದು, ಅದರ ಕೆಳಗೆ ಅವ್ವನ ಹೆಸರು ಸೇರಿಸುವುದು. ಅವ್ವ 2022ರಲ್ಲಿ ಹೋದಳು. 1996ರ ಆ ಸಾಲು ಹಾಗೇ ಉಳಿದಿದೆ.

ನಿಮ್ಮ ಮನೆಯಲ್ಲೂ ಅಂಥದೊಂದು ಟ್ರಂಕಿದ್ದರೆ, ಅದರ ಒಡೆಯರು ಇಲ್ಲವಾಗಿದ್ದರೆ, ಅವರ ಕೇಸಿನ್ನೂ ನಡೆಯುತ್ತಿದ್ದರೆ, ದಿನಕರ್ಮ ಮುಗಿದ ಮರುದಿನವೇ ವಕೀಲರಿಗೆ ಫೋನ್ ಮಾಡಿ. ಬಂದ ಲಕೋಟೆಯನ್ನು ಅವತ್ತೇ ಒಡೆಯಿರಿ.